ಬಾಗಿಲಿಲ್ಲದ ನಕ್ಷೆ

ಬೆಂಗಳೂರಿನ ಕಂಪನಿಯಿಂದ ಹದಿನಾಲ್ಕು ಹಾಳೆಯ ನಕ್ಷೆ ಬಂತು. ಪ್ರತಿ ಹಾಳೆಯ ಮೂಲೆಯಲ್ಲೂ ‘ಗೋಪ್ಯ’ ಎಂಬ ಕೆಂಪು ಮುದ್ರೆ. ಕೊಳವೆಯ ದಪ್ಪ, ಬೆಸುಗೆಯ ಉದ್ದ, ಬಣ್ಣದ ನಂಬರು, ಬೋಲ್ಟಿನ ತಲೆ ಎಷ್ಟು ಮೂಲೆಯದು ಎಂಬುದು, ಎಲ್ಲ ಇತ್ತು. ಒಳಗೆ ಕೂರುವ ಮನುಷ್ಯ ಮಾತ್ರ ಒಂದು ಹಾಳೆಯಲ್ಲೂ ಇರಲಿಲ್ಲ.

ಹಿರಿಯೂರಿನಲ್ಲಿ, ಹೊಸದುರ್ಗದ ರಸ್ತೆಯಲ್ಲಿ, ಕಿಟಕಿ ಗ್ರಿಲ್ಲು, ಗೇಟು, ಟ್ರ್ಯಾಕ್ಟರ್ ಟ್ರೈಲರ್ ಮಾಡುವ ವೆಲ್ಡಿಂಗ್ ಶೆಡ್ಡು ನಮ್ಮದು. ಶುರು ಮಾಡಿದವನು ನಮ್ಮಪ್ಪ ಪಂಚಾಕ್ಷರಪ್ಪ. ಈಗ ನಡೆಸುವವಳು ನಾನು, ಅವನ ಮಗಳು ರೇಣುಕಾ. ತಾನೇ ನಡೆಸುತ್ತಿದ್ದೇನೆಂದು ಅಪ್ಪ ತಿಳಿದುಕೊಂಡಿದ್ದಾನೆ. ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೇನೆ.

ಮಾಡಬೇಕಿದ್ದದ್ದು ಸೈನ್ಯದ ಗಾಡಿಯೊಂದರ ನೆತ್ತಿಯ ಮೇಲೆ ಕೂರುವ ಕಬ್ಬಿಣದ ಪಂಜರ. ಗಾಡಿ ಟ್ಯಾಂಕ್ ಅಲ್ಲ. ಟ್ಯಾಂಕಿನಂತೆಯೇ ಉಕ್ಕಿನ ಪಟ್ಟಿಯ ಮೇಲೆ ಓಡುತ್ತಾ, ಒಳಗೆ ಏಳೆಂಟು ಕಾಲಾಳುಗಳನ್ನು ಕೂರಿಸಿಕೊಂಡು ಹೋಗುವಂಥದ್ದು. ಅದರ ಉಕ್ಕು ಮುಂದೆ ದಪ್ಪ, ನೆತ್ತಿಯಲ್ಲಿ ತೆಳು. ಹಿಂದೆಲ್ಲ ಗುಂಡು ಎದುರಿನಿಂದ ಬರುತ್ತಿತ್ತು, ಹಾಗಾಗಿ ಅದು ನಡೆಯುತ್ತಿತ್ತು. ಈಗ ಮದುವೆಯಲ್ಲಿ ಫೋಟೊ ತೆಗೆಯಲು ಹಾರಿಸುತ್ತಾರಲ್ಲ, ಅಷ್ಟೇ ಗಾತ್ರದ ಡ್ರೋನು ಹೊಟ್ಟೆಗೆ ಸಿಡಿಗುಂಡು ಕಟ್ಟಿಕೊಂಡು ಬಂದು ನೇರ ನೆತ್ತಿಯ ಮೇಲೆ ಬೀಳುತ್ತದೆ. ಅದಕ್ಕೇ ಮೇಲೊಂದು ಪಂಜರ, ಸುತ್ತಲೂ ಇಳಿಬಿಟ್ಟ ಬಲೆ. ಸಿಡಿಯುವುದಾದರೆ ಉಕ್ಕಿಗೆ ತಾಕುವ ಮೊದಲು ಅಲ್ಲೇ ಸಿಡಿಯಲಿ ಎಂದು. ಒಂದು ಮಾದರಿ ಮಾಡಿಕೊಟ್ಟು ಅದು ಪಾಸಾದರೆ ನಲವತ್ತು ಪಂಜರದ ಕೆಲಸ ನಮಗೆ.

ಯಾರಿಗೂ ಹೇಳುವುದಿಲ್ಲ ಎಂಬ ಕಾಗದಕ್ಕೆ ಅಪ್ಪ ಸೋಮವಾರ ಸಂಜೆ ಸಹಿ ಹಾಕಿದ. ಮಂಗಳವಾರ ಬೆಳಿಗ್ಗೆ ಇಡ್ಲಿ ತಿನ್ನಲು ಹೋಟೆಲಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಹೂವಿನವಳು ನನ್ನನ್ನು ನಿಲ್ಲಿಸಿ, “ನೀವು ಟ್ಯಾಂಕ್ ಮಾಡ್ತೀರಂತಲ್ಲಕ್ಕ?” ಎಂದು ಕೇಳಿದಳು. ಮನೆಗೆ ಬಂದು ಬೈದರೆ ಅಪ್ಪ, “ನಾನು ಪಂಜರ ಅಂದೆ, ಟ್ಯಾಂಕ್ ಅಂದಿಲ್ಲ” ಎಂದ. ಅವತ್ತಿನಿಂದ ಅವನು ಮೊಬೈಲಿನಲ್ಲಿ ಯುದ್ಧದ ವಿಡಿಯೊ ನೋಡುವುದೇ ನೋಡುವುದು. ಊಟದ ತಟ್ಟೆಯ ಮುಂದೆಯೂ ಢಂ ಢಂ. ಸಿಗ್ನಲ್ ಕೆಡಿಸುವ ಯಂತ್ರ, ಅದನ್ನೂ ತಪ್ಪಿಸಲು ಹಿಂದೆ ಮೈಲುಗಟ್ಟಲೆ ತೆಳುವಾದ ತಂತಿ ಬಿಟ್ಟುಕೊಂಡು ಹಾರುವ ಡ್ರೋನು, ಬರುವ ಗುಂಡನ್ನು ದಾರಿಯಲ್ಲೇ ಹೊಡೆದು ಬೀಳಿಸುವ ಗಾಡಿ. ಎಲ್ಲವೂ ಅವನಿಗೆ ಗೊತ್ತು. ಶೆಡ್ಡಿನಲ್ಲಿ ಆರು ಎಂಎಂ ರಾಡು ಮುಗಿದಿರುವುದು ಮಾತ್ರ ಗೊತ್ತಿಲ್ಲ.

ನಮ್ಮ ಮುಖ್ಯ ವೆಲ್ಡರ್ ಅಬ್ದುಲ್ ರಶೀದ್. ನಾನು ಲಂಗ ಹಾಕುತ್ತಿದ್ದ ಕಾಲದಿಂದ ಶೆಡ್ಡಿನಲ್ಲಿದ್ದಾರೆ, ನಮಗೆಲ್ಲ ರಶೀದ್ ಮಾಮ. ಅವರ ಬೆಸುಗೆಗೆ ಕೈ ಮುಗಿಯಬೇಕು. ಆದರೆ ಅವರದೊಂದು ಹಟವಿದೆ. ಯಾವ ಮನೆಯ ಕಿಟಕಿಗೆ ಗ್ರಿಲ್ಲು ಮಾಡಿದರೂ, ಗಿರಾಕಿ ಕೇಳಲಿ ಬಿಡಲಿ, ಅದರಲ್ಲೊಂದು ಸಣ್ಣ ಬಾಗಿಲು ಇಡುತ್ತಾರೆ. ಒಬ್ಬ ಮನುಷ್ಯ ನುಸುಳುವಷ್ಟು, ಒಳಗಡೆ ಚಿಲಕ. ಗಿರಾಕಿಗಳು ಕಳ್ಳ ಬರುತ್ತಾನೆಂದು ಜಗಳ ತೆಗೆಯುತ್ತಾರೆ. ಹೋದ ವರ್ಷ ಹೊಳಲ್ಕೆರೆಯ ಕಾಟಲಿಂಗಪ್ಪನವರು ಒಂಬತ್ತು ಕಿಟಕಿಯ ಕೆಲಸ ವಾಪಸು ತೆಗೆದುಕೊಂಡು ಹೋದರು. ನಾನು ರಶೀದ್ ಮಾಮನ ಮೇಲೆ ಎಷ್ಟೋ ಸಲ ರೇಗಿದ್ದೇನೆ. ಅವರು ಕನ್ನಡಕ ಒರೆಸಿಕೊಂಡು ಮುಂದಿನ ಸರಳು ಎತ್ತಿಕೊಳ್ಳುತ್ತಾರೆ.

ಕಾರಣ ಊರಿಗೆಲ್ಲ ಗೊತ್ತು. ಇಪ್ಪತ್ತಾರು ವರ್ಷದ ಹಿಂದೆ ಅವರ ತಂಗಿ ಇಮಾಂಬೀ ಹೊಸ ಮನೆ ಕಟ್ಟಿದಾಗ, ಅಣ್ಣನ ಉಡುಗೊರೆ ಎಂದು ಕಿಟಕಿಗೆಲ್ಲ ಗಟ್ಟಿ ಗ್ರಿಲ್ಲು ಮಾಡಿ ಕೂರಿಸಿದ್ದರು. ಮರುವರ್ಷ ಸ್ಟೌ ಸಿಡಿಯಿತು. ಬೆಂಕಿ ಬಾಗಿಲ ಕಡೆಗಿತ್ತು, ಇಮಾಂಬೀ ಕಿಟಕಿಯ ಕಡೆಗಿದ್ದಳು. ಹೊರಗೆ ನಿಂತು ರಶೀದ್ ಮಾಮ ತಾವೇ ಬೆಸುಗೆ ಹಚ್ಚಿದ ಸರಳುಗಳನ್ನು ಹಿಡಿದು ಎಳೆದರು. ಅವರ ಬೆಸುಗೆ ಆಗಲೂ ಚೆನ್ನಾಗಿಯೇ ಇತ್ತು. ಒಂದು ಸರಳೂ ಬಿಡಲಿಲ್ಲ.

ಹೀಗಾಗಿ ನಕ್ಷೆಯ ಹದಿನಾಲ್ಕೂ ಹಾಳೆ ತಿರುವಿ ಅವರು ಕೇಳಿದ ಮೊದಲ ಮಾತು, “ರೇಣುಕಮ್ಮ, ಬಾಗಿಲೆಲ್ಲೈತೆ?”

ಕಂಪನಿಯಲ್ಲಿ ಈ ಕೆಲಸ ನೋಡುತ್ತಿದ್ದವನು ರಾಜಶೇಖರ್ ಎಂಬ ಇಂಜಿನಿಯರ್. ಫೋನ್ ಮಾಡಿ ಅದನ್ನೇ ಕೇಳಿದೆ.

“ಹ್ಯಾಚ್, ಅಂದ್ರೆ ಗಾಡಿ ನೆತ್ತಿಯ ಬಾಗಿಲು, ನಮ್ಮ ಸ್ಕೋಪಲ್ಲಿ ಬರಲ್ಲ ಮೇಡಂ,” ಎಂದ. “ಅದು ಬೇರೆ ಡಿಪಾರ್ಟ್‌ಮೆಂಟು. ನಮ್ಮದು ರೂಫಿಂದ ಮೇಲಕ್ಕೆ ಮಾತ್ರ.”

“ರೂಫಿನ ಕೆಳಗಿರೋರು ಹೊರಗೆ ಹೆಂಗ್ ಬರ್ತಾರ್ರಿ?”

“ಹಿಂದೆ ಡೋರ್ ಇರುತ್ತಲ್ಲ.”

“ಅದು ಹಿಂದೆ ಕುಂತೋರಿಗೆ. ಡ್ರೈವರ್ ಮುಂದೆ ಇರ್ತಾನೆ, ಮಧ್ಯೆ ತೋಪಿರುತ್ತೆ. ನಮ್ಮಪ್ಪನ ಮೊಬೈಲಲ್ಲೇ ಬಾಣ ಹಾಕಿ ತೋರಿಸ್ತಾರೆ.”

“ಮೊಬೈಲ್ ನೋಡಿ ಮಾಡ್ಬೇಡಿ ಮೇಡಂ. ಡ್ರಾಯಿಂಗ್ ಪ್ರಕಾರ ಮಾಡಿ. ಓಪನಿಂಗ್ ಇಟ್ರೆ ಸ್ಟ್ರೆಂತ್ ಹೋಗುತ್ತೆ.”

ಗಾಡಿಯ ನೆತ್ತಿಯ ಅಳತೆಗೆಂದು ಅವರು ಒಂದು ಪ್ಲೈವುಡ್ ಚಾವಣಿ ಕಳಿಸಿದ್ದರು. ನಾಲ್ಕು ಮರದ ಕಾಲಿನ ಮೇಲೆ ನಿಂತ, ಮುಂದಕ್ಕೆ ಇಳಿಜಾರಾದ ಬೋಳು ಹಲಗೆ. ಅದರಲ್ಲೂ ಬಾಗಿಲ ಗುರುತಿಲ್ಲ, ಗೋಪ್ಯವಂತೆ. ಯಾವ ವಿಷಯ ಹೂವಿನವಳಿಗೂ ಗೊತ್ತೋ ಅದನ್ನು ಮಾಡುವವರಿಂದ ಬಚ್ಚಿಡುವ ಈ ಬುದ್ಧಿಗೆ ಏನು ಹೇಳುವುದು? ಕೊನೆಗೆ ನಾನೂ ಸೋತು, “ಮಾಮ, ಬರದಂಗೆ ಮಾಡಿ ಬಿಸಾಕ್ರಿ” ಎಂದೆ. ಅವರು ಮಾಡಿದರು. ಆದರೆ ಒಂದು ಪಕ್ಕದ ಬಲೆಯನ್ನು ಕಟ್ಟದೆ ಹಾಗೇ ಬಿಟ್ಟಿದ್ದರು.

ಅಷ್ಟರಲ್ಲಿ ನನ್ನ ತಮ್ಮ ಬಸವೇಶ್ ಇಪ್ಪತ್ತು ದಿನದ ರಜಕ್ಕೆ ಬಂದ. ಸೈನ್ಯದಲ್ಲಿ ನಾಯಕ್, ಇಂಥದೇ ಗಾಡಿಯ ಡ್ರೈವರ್. ಎಡಗೈ ಮೊಣಕೈಯಿಂದ ಕೆಳಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಮೆಸ್ಸಿನಲ್ಲಿ ಕುದಿಯುವ ಚಹಾ ಬಿತ್ತು ಎಂದ. ಅವ್ವ ಬಸಮ್ಮ ಮೂರು ಹೊತ್ತೂ ಕೊಬ್ಬರಿ ಎಣ್ಣೆ ಹಚ್ಚಿದಳು.

ಅಪ್ಪನಿಗೆ ಸುಗ್ಗಿ. ಮಗ ಕೈ ತೊಳೆದು ಊಟಕ್ಕೆ ಕೂರುವ ಮೊದಲೇ ಶುರು ಮಾಡಿದ. “ಏನಪ್ಪ, ಇನ್ಮುಂದೆ ಟ್ಯಾಂಕಿನ ಕಾಲ ಮುಗೀತಂತೆ? ಒಂದು ಡ್ರೋನಿಗೆ ಒಂದು ಟ್ಯಾಂಕು ಅಂತಾರೆ.”

“ಹಂಗಾದ್ರೆ ಕಾಲಾಳು ನಡ್ಕಂಡ್ ಹೋಗ್ಬೇಕಾ ಅಪ್ಪ? ನಡ್ಕಂಡ್ ಹೋಗೋನಿಗೂ ಬರುತ್ತೆ ಡ್ರೋನು. ಗಾಡಿ ಬೇಕೇ ಬೇಕು. ಸಾರಿಗೆ ಒಗ್ಗರಣೆ ಹಾಕಿಲ್ವಾ ಅವ್ವ?”

“ನಿಮ್ಮ ಗಾಡೀಲಿ ಗುಂಡು ಬೀಳಿಸೋ ಯಂತ್ರ ಐತೋ ಇಲ್ವೋ?”

“ಹೇಳಂಗಿಲ್ಲ.”

“ಹೆತ್ತ ಅಪ್ಪಂಗೂ?”

“ನಿಂಗೆ ಹೇಳಿದ್ರೆ ಹೋಟೆಲ್ಲಿಗೆ ಹೇಳ್ದಂಗೆ,” ಎಂದ ಬಸವೇಶ್. ನನಗೆ ಹಾಯೆನಿಸಿತು.

ಆದರೆ ಆ ಹಾಯೆನಿಸಿದ್ದು ಮರುದಿನ ನನಗೇ ತಿರುಗಿತು. ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಪಂಜರ ತೋರಿಸಿ, ಡ್ರೈವರ್ ಹೊರಗೆ ಬರುವ ಬಾಯಿ ಎಲ್ಲಿರುತ್ತದೆ, ಕೈ ತೋರಿಸಿದರೆ ಸಾಕು ಎಂದು ಕೇಳಿದೆ. ಅವನು ಅದರ ಸುತ್ತ ಒಮ್ಮೆ ನಡೆದು ಬಂದ. ಮುಖ ಬಿಗಿಯಿತು.

“ಹೇಳಂಗಿಲ್ಲ ಅಕ್ಕ.”

“ಲೇ, ನಾನು ನಿನ್ನ ಅಕ್ಕ! ನಿನಗೇ ಅಲ್ಲೇನೋ ಇದು?”

“ಸಹಿ ಹಾಕೀನಿ.”

ನನಗೆ ತಲೆ ಕೆಟ್ಟಿತು. ಒಬ್ಬನಿಗೆ ಗೊತ್ತಿಲ್ಲ, ಅವನು ನಕ್ಷೆ ಬರೆಯುತ್ತಾನೆ. ಇನ್ನೊಬ್ಬನಿಗೆ ಗೊತ್ತು, ಅವನು ಬಾಯಿ ಬಿಡುವುದಿಲ್ಲ. ನಡುವೆ ಅಪ್ಪ, ಅವನಿಗೆ ಗೊತ್ತೂ ಇಲ್ಲ, ಬಾಯಿ ಮುಚ್ಚುವುದೂ ಇಲ್ಲ. ಕೈಲಿದ್ದ ಅಳತೆಯ ಟೇಪನ್ನು ನೆಲಕ್ಕೆ ಎಸೆದು ಹೊರಗೆ ಹೋಗಿ ನಿಂತೆ.

ಒಳಗಿನಿಂದ ಸದ್ದು ಬಂತು. ತಿರುಗಿ ನೋಡಿದರೆ ಬಸವೇಶ್ ಚಪ್ಪಲಿ ಬಿಟ್ಟು, ಬಲೆ ಕಟ್ಟದೆ ಬಿಟ್ಟಿದ್ದ ಪಕ್ಕದಿಂದ ಪಂಜರದ ಕೆಳಗೆ ನುಸುಳಿ ಹಲಗೆಯ ಮೇಲೆ ತೆವಳುತ್ತಿದ್ದ. ಮುಂಭಾಗದಲ್ಲಿ, ಎಡಕ್ಕೆ ಸರಿದು, ಅಂಗಾತ ಮಲಗಿದ. ಎಂಜಿನ್ ಶುರು ಮಾಡುವವನ ಹಾಗೆ ಕೈ ಚಾಚಿದ. ಆಮೇಲೆ ಒಮ್ಮೆಗೇ ಎದ್ದು ಕೂರಲು ಹೋದ. ತಲೆ ಠಣ್ಣೆಂದು ಕಂಬಿಗೆ ಬಡಿಯಿತು. ಮತ್ತೆ ಮಲಗಿ ಮತ್ತೆ ಎದ್ದ. ಅದೇ ಜಾಗ, ಅದೇ ಠಣ್. ಅಲ್ಲಿಂದ ಹಿಂದಕ್ಕೆ ತೆವಳಿ ಇನ್ನೆರಡು ಕಡೆ ಹಾಗೇ ಮಾಡಿದ. ಒಂದು ಮಾತೂ ಆಡಲಿಲ್ಲ.

ರಶೀದ್ ಮಾಮ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು, ತಲೆ ಬಡಿದ ಮೂರೂ ಕಡೆ ಕಂಬಿಯ ಮೇಲೆ ಗುರುತು ಹಾಕಿದರು.

ಸಂಜೆಯೊಳಗೆ ಮೂರು ಬಾಗಿಲು ಕೂರಿಸಿದರು. ತೆರೆದ ಜಾಗದ ಸುತ್ತ ಇನ್ನೊಂದು ಪಟ್ಟಿ ಕೊಟ್ಟು ಬಲ ಕಡಿಮೆಯಾಗದಂತೆ ನೋಡಿಕೊಂಡರು. ಒಳಗಡೆ, ಅವರ ಪದ್ಧತಿಯಂತೆ, ಚಿಲಕ. ಬಸವೇಶ್ ಬಂದು ನೋಡಿದ. ಚಿಲಕವನ್ನು ಎರಡು ಸಲ ಸರಿಸಿ, ಹೊರಗಡೆ ನಿಂತು ಬಾಗಿಲನ್ನು ಎಳೆದ. ಬರಲಿಲ್ಲ.

“ಹೊರಗಿಂದ ತೆಗೆಯಾಕೆ ಆಗಲ್ವಾ ಮಾಮ?”

“ಹೊರಗಿಂದ ತೆಗೆದ್ರೆ ಕಳ್ಳ ಬರ್ತಾನಲ್ಲಪ್ಪ,” ಎಂದರು ರಶೀದ್ ಮಾಮ. ಇಪ್ಪತ್ತೈದು ವರ್ಷದಿಂದ ಗಿರಾಕಿಗಳ ಬಾಯಲ್ಲಿ ಕೇಳಿ ಕೇಳಿ ಅವರಿಗೂ ಅದೇ ಮಾತು ಬಂದಿತ್ತು. ಹೇಳಿದ ಮೇಲೆ ಅವರಿಗೇ ಪೆಚ್ಚಾಯಿತು.

ಬಸವೇಶ್ ಎಡಗೈಯ ತೋಳು ಮೇಲಕ್ಕೆ ಸರಿಸಿದ. “ಇದು ಚಹಾ ಅಲ್ಲ ಅಕ್ಕ. ಅವ್ವಂಗೆ ಹೇಳ್ಬ್ಯಾಡ. ಅಭ್ಯಾಸದಾಗೆ ಪಕ್ಕದ ಗಾಡಿಗೆ ಬೆಂಕಿ ಬಿತ್ತು. ಡ್ರೈವರ್‌ಗೆ ಹೊಗೆಗೆ ಎಚ್ಚರ ತಪ್ಪಿತ್ತು, ಕೈ ಆಡಿಸಾಕೆ ಆಗ್ಲಿಲ್ಲ. ನಾನು ಮೇಲಿಂದ ತೆಗೆದು ಎಳ್ಕಂಡೆ.”

“ಬದುಕಿದ್ನಾ?”

“ಬದುಕ್ಯಾನೆ. ಆವಾಗ ಮೇಲೆ ಈ ಪಂಜರ ಇರ್ಲಿಲ್ಲ.”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೂತಿದ್ದನಲ್ಲ ಎಂದು ಇವನ ಮೇಲೆ, ‘ಸ್ಕೋಪಲ್ಲಿ ಬರಲ್ಲ’ ಎಂದ ಅವನ ಮೇಲೆ, ಬರೆದ ಹಾಗೆ ಮಾಡಿ ಬಿಸಾಕಿ ಎಂದಿದ್ದ ನನ್ನ ಮೇಲೆ. ರಶೀದ್ ಮಾಮ ಆ ಕೈಯನ್ನು ಹಿಡಿದು ನೋಡಿದರು. ಆಮೇಲೆ ಎದ್ದು ಅಂಗಳಕ್ಕೆ ಹೋದರು.

ಅಂಗಳದಲ್ಲಿ ಬಬ್ಬೂರು ಫಾರಮ್ಮಿನ ಟ್ರೈಲರ್ ರಿಪೇರಿಗೆ ನಿಂತಿತ್ತು. ಅದರ ಹಿಂದಿನ ಹಲಗೆಗೆ ಎಲ್ಲ ಟ್ರೈಲರಿಗೂ ಇರುವಂಥ ಪಿನ್ನು: ಸರಪಳಿಯಲ್ಲಿ ನೇತಾಡುವ ಹೆಬ್ಬೆರಳು ದಪ್ಪದ ಕಬ್ಬಿಣ. ಒಳಗಿನಿಂದ ಒದ್ದರೂ ಬೀಳುತ್ತದೆ, ಹೊರಗಿನಿಂದ ಕಲ್ಲಲ್ಲಿ ತಟ್ಟಿದರೂ ಬೀಳುತ್ತದೆ, ಕಣ್ಣು ಮುಚ್ಚಿ ಮಾಡಬಹುದು. ರಶೀದ್ ಮಾಮ ಅದನ್ನೇ ಕಿತ್ತು ತಂದು ಅಳತೆ ತೆಗೆದರು. ಟ್ರೈಲರಿನ ಡ್ರೈವರ್ ಓಬಯ್ಯ ಮರುದಿನ ಬಂದು, “ನನ್ನ ಪಿನ್ನು ಯಾವನೋ ಕದ್ದವ್ನೆ!” ಎಂದು ಶೆಡ್ಡು ಹಾರಿಹೋಗುವಂತೆ ಕೂಗಾಡಿದ. ದೇಶದ ಕೆಲಸಕ್ಕೆ ಹೋಗಿದೆ ಎಂದು ಅಪ್ಪ ಸಮಾಧಾನ ಹೇಳಿದ. ಅದೂ ಗೋಪ್ಯವಂತೆ.

ಬಸವೇಶ್ ರಜ ಮುಗಿಸಿ ಹೊರಟ ಎರಡನೇ ದಿನಕ್ಕೆ ರಾಜಶೇಖರ್ ಬಂದ. ಹಿಂದಿನ ದಿನವೇ ಚಿತ್ರದುರ್ಗಕ್ಕೆ ಬಂದಿಳಿದಿದ್ದ. ಅಪ್ಪ ಕಾರು ಮಾಡಿ, ಕೋಟೆ, ಚಂದ್ರವಳ್ಳಿಯ ಗವಿ ಎಲ್ಲ ತೋರಿಸಿಕೊಂಡು ಬಂದಿದ್ದ. ಬೆಳಿಗ್ಗೆ ಶೆಡ್ಡಿಗೆ ಬಂದವನು ಮೂರು ಬಾಗಿಲು ನೋಡಿದ ಕೂಡಲೇ ಬ್ಯಾಗನ್ನು ಬೆಂಚಿನ ಮೇಲೆ ಕುಕ್ಕಿದ.

“ಏನ್ ಮೇಡಂ ಇದು? ಡ್ರಾಯಿಂಗಲ್ಲಿ ಇದೆಯಾ?”

“ಇಲ್ಲ. ಅದಕ್ಕೇ ಮಾಡೀವಿ.”

“ಇದು ಡೀವಿಯೇಷನ್. ನಾನು ಪಾಸ್ ಮಾಡೋ ಹಾಗಿಲ್ಲ.” ಅವನು ಮೊಬೈಲು ತೆಗೆದು ಬಾಗಿಲನ್ನು, ಪಿನ್ನನ್ನು, ಸರಪಳಿಯನ್ನು ನಾಲ್ಕೂ ಕಡೆಯಿಂದ ಫೋಟೊ ಹೊಡೆದುಕೊಂಡ. ತಪ್ಪಿನ ದಾಖಲೆಗಂತೆ. ಆಮೇಲೆ ದನಿ ತಗ್ಗಿಸಿ, “ನನ್ನೆದುರಿಗೇ ಮೂರೂ ವೆಲ್ಡ್ ಮಾಡಿ ಮುಚ್ಚಿಬಿಡಿ. ಪಾಸ್ ಅಂತ ಬರೀತೀನಿ, ನಲವತ್ತೂ ನಿಮ್ಮದೇ” ಎಂದ.

“ಸರ್, ನಿನ್ನೆ ಚಂದ್ರವಳ್ಳಿ ಗವಿಯೊಳಗೆ ಗೈಡು ಟಾರ್ಚ್ ಆರಿಸಿದಾಗ ನೀವು ಏನ್ ಕೇಳಿದ್ರಿ ಅಂತ ನಮ್ಮಪ್ಪ ಹೇಳಿದ,” ಎಂದೆ. “ಹೊರಗೆ ಹೋಗೋ ದಾರಿ ಎಲ್ಲಿ ಅಂತ ಕೇಳಿದ್ರಂತೆ. ಎರಡು ಸಲ.”

ಅವನ ಮುಖ ಕೆಂಪಾಯಿತು. “ಅದಕ್ಕೂ ಇದಕ್ಕೂ ಏನ್ ಸಂಬಂಧ?”

ಅಪ್ಪ ಅಡ್ಡ ಬಂದ. “ಅವಳ ಮಾತು ಬಿಡ್ರಿ ಸರ್, ಕುಂತ್ಕಳ್ರಿ. ರಶೀದ್, ಹಚ್ಚಿಬಿಡು. ಅವರು ಹೇಳ್ತಾರಲ್ಲ, ಅವರಿಗೆ ಗೊತ್ತಿರ್ತೈತೆ.”

ರಶೀದ್ ಮಾಮ ವೆಲ್ಡಿಂಗಿನ ಹಿಡಿಯನ್ನು ನೆಲದ ಮೇಲೆ ಮೆಲ್ಲಗೆ ಇಟ್ಟರು. “ಸಾಹುಕಾರ್ರೆ, ನಾನು ಒಂದ್ಸಲ ಹಚ್ಚೀನಿ. ಇನ್ನೊಂದ್ಸಲ ಹಚ್ಚಲ್ಲ.”

ಅಪ್ಪನಿಗೂ ಅದರ ಅರ್ಥ ಗೊತ್ತು. ಆ ಬೆಂಕಿಯ ದಿನ ಅವನೂ ಆ ಕಿಟಕಿಯ ಹೊರಗೆ ನಿಂತಿದ್ದವನೇ. ಆದರೂ ಬಗ್ಗಿ ಹಿಡಿಯನ್ನು ಎತ್ತಿಕೊಂಡ. ಹನ್ನೆರಡು ವರ್ಷದಿಂದ ಅವನು ವೆಲ್ಡಿಂಗ್ ಮುಟ್ಟಿರಲಿಲ್ಲ. ಮುಂದಿನ ಬಾಗಿಲಿಗೇ ಹೋಗಿ ನಿಂತ. ನಾನು ಓಡಿ ಹೋಗಿ ಮೇನ್ ಸ್ವಿಚ್ ಆರಿಸಿದೆ.

“ಅಪ್ಪ, ಅಲ್ಲಿ ಸೀಮೆಸುಣ್ಣದ ಗುರುತೈತೆ ನೋಡು. ಅದು ಬಸವೇಶನ ತಲೆ ಬಡಿದ ಜಾಗ. ಅವನ ಕೈ ಸುಟ್ಟಿದ್ದು ಚಹಾದಿಂದಲ್ಲ. ಗಾಡಿಯೊಳಗೆ ಬೇಯ್ತಿದ್ದೋನ್ನ ಮೇಲಿಂದ ಎಳೆದು ತೆಗೆದಾನೆ. ನಾಳೆ ಅವನೇ ಒಳಗಿದ್ರೆ ಎಳೆಯೋನು ಎಲ್ಲಿಂದ ಎಳೀಬೇಕು? ನೀನು ಹಚ್ಚಿದ್ದು ಬಿಡುತ್ತಾ?”

ಅಪ್ಪ ಆ ಬಿಳಿ ಗುರುತನ್ನೇ ನೋಡುತ್ತಾ ನಿಂತ. ಬೆರಳಿನಿಂದ ಮುಟ್ಟಿದ. ಬೆರಳಿಗೆ ಸುಣ್ಣ ಹತ್ತಿತು, ಅದನ್ನು ಪಂಚೆಗೆ ಒರೆಸಿಕೊಳ್ಳಲಿಲ್ಲ. ವೆಲ್ಡಿಂಗಿನ ಹಿಡಿಯನ್ನು ರಶೀದ್ ಮಾಮನ ಕೈಗೆ ವಾಪಸು ಕೊಟ್ಟ.

“ಸರ್,” ಎಂದ ಕೊನೆಗೆ, “ಊಟ ಮಾಡ್ಕಂಡ್ ಹೋಗ್ರಿ. ರೊಟ್ಟಿ ಆಗೈತೆ. ಪಂಜರ ಇಲ್ಲೇ ಇರ್ಲಿ.”

ರಾಜಶೇಖರ್ ಊಟ ಮಾಡಲಿಲ್ಲ. ‘ತಿರಸ್ಕೃತ’ ಎಂದು ಬರೆದು, ಕಾರ್ಬನ್ ಪ್ರತಿ ನನ್ನ ಕೈಗೆ ಕೊಟ್ಟು ಹೋದ. ಹದಿನೈದು ದಿನಕ್ಕೆ ಕೆಲಸ ಬೇರೆ ಊರಿನ ಯಾವುದೋ ಶೆಡ್ಡಿಗೆ ಹೋಯಿತೆಂದು ತಿಳಿಯಿತು. ಪಂಜರವನ್ನು ಹಿತ್ತಿಲಿಗೆ ಹಾಕಿದೆವು. ಅವ್ವ ಅದರ ಮೇಲೆ ಹೀರೇಬಳ್ಳಿ ಹಬ್ಬಿಸಿದಳು. ಅಪ್ಪ ಮೊಬೈಲಿನಲ್ಲಿ ಯುದ್ಧ ನೋಡುವುದನ್ನು ಬಿಟ್ಟ. ಮಗನ ಗಾಡಿಯ ಮೇಲೆ ಬಾಗಿಲಿಲ್ಲದ ಪಂಜರ ಕೂರುತ್ತದಲ್ಲ ಎಂಬುದು ಅವನ ಎದೆಯಲ್ಲೂ ಇತ್ತು, ನನ್ನ ಎದೆಯಲ್ಲೂ ಇತ್ತು. ಊಟಕ್ಕೆ ಕೂತರೆ ಅದೇ, ಮಲಗಿದರೆ ಅದೇ. ಕಂಪನಿಗೆ ನಾನು ಬರೆದ ನಾಲ್ಕು ಪತ್ರಕ್ಕೆ ‘ನಿಮ್ಮ ಪತ್ರ ತಲುಪಿದೆ’ ಎಂಬ ಒಂದೇ ಉತ್ತರ ನಾಲ್ಕು ಸಲ ಬಂತು.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಬಸವೇಶ್ ಫೋನ್ ಮಾಡಿದ. ಅವ್ವನ ಮಂಡಿನೋವು, ಹೀರೇಕಾಯಿ, ಓಬಯ್ಯನ ಪಿನ್ನು ಎಲ್ಲ ಕೇಳಿದ. ಎಲ್ಲಿದ್ದಾನೆಂದು ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ.

“ನಿಮ್ಮ ಗಾಡಿಗೆ ಮೇಲೆ ಪಂಜರ ಬಂತೇನೋ?”

“ಹೇಳಂಗಿಲ್ಲ ಅಕ್ಕ.”

“ಹಾಳಾಗಿ ಹೋಗು, ಇಡು ಫೋನು!”

“ತಡಿ ಅಕ್ಕ.” ಆ ಕಡೆ ಒಂದು ಕ್ಷಣ ಗಾಳಿಯ ಸದ್ದು. “ರಶೀದ್ ಮಾಮಂಗೆ ಒಂದು ಮಾತು ಹೇಳು. ಈಗ ತಲೆಗೆ ಬಡಿಯಲ್ಲ ಅಂತ ಹೇಳು. ಹೊರಗಿಂದಾನೂ ಆಗುತ್ತೆ ಅಂತ ಹೇಳು. ಓಬಯ್ಯಂದು ಐತಲ್ಲ, ಅದರ ಥರದ್ದೇ.”

ಫೋಟೊ ಹೊಡೆದುಕೊಂಡು ಹೋದದ್ದು ಯಾತಕ್ಕೆಂದು ಆಗ ತಿಳಿಯಿತು. ಕಳ್ಳರು. ನಮ್ಮನ್ನು ತಿರಸ್ಕರಿಸಿ, ನಮ್ಮ ಪಿನ್ನನ್ನೇ ನಕ್ಷೆಯಲ್ಲಿ ಬರೆದು, ಇನ್ಯಾರದೋ ಕೈಯಲ್ಲಿ ಮಾಡಿಸಿದ್ದರು. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ, ಬೈಯುತ್ತಲೇ ಅಳುತ್ತಿದ್ದೆ. ಅಪ್ಪ ಏನಾಯಿತೆಂದು ಓಡಿ ಬಂದ. ಹೇಳಿದೆ. ಅವನು ಗೋಡೆ ಹಿಡಿದು ಹಾಗೇ ಕೆಳಗೆ ಕೂತ.

ಶೆಡ್ಡಿಗೆ ಹೋದರೆ ರಶೀದ್ ಮಾಮ ಮುರುಗಪ್ಪ ಎಂಬ ಹೊಸ ಗಿರಾಕಿಯೊಂದಿಗೆ ಜಗಳದಲ್ಲಿದ್ದರು. ಆರು ಕಿಟಕಿ, ಗ್ರಿಲ್ಲಿಗೆ ಬಾಗಿಲು ಬೇಡವೇ ಬೇಡ ಎಂದು ಮುರುಗಪ್ಪನವರ ಹಟ. ನಾನು ನಡುವೆ ನುಗ್ಗಿ ತಮ್ಮನ ಮಾತನ್ನು ಅವನು ಹೇಳಿದ ಹಾಗೇ ಹೇಳಿದೆ.

“ಹೊರಗಿಂದಾನೂ?” ಎಂದು ಕೇಳಿದರು ರಶೀದ್ ಮಾಮ.

“ಹೊರಗಿಂದಾನೂ.”

ಅವರು ವೆಲ್ಡಿಂಗಿನ ಕಪ್ಪು ಗಾಜನ್ನು ಮುಖಕ್ಕೆ ಹಿಡಿದುಕೊಂಡರು. ಮಷಿನ್ ಆರಿತ್ತು, ಹಚ್ಚಲು ಏನೂ ಇರಲಿಲ್ಲ. ಗಾಜಿನ ಹಿಂದಿನಿಂದ ಒಂದೇ ಒಂದು ಸಲ, ಯಾರನ್ನೋ ಕರೆಯುವ ಹಾಗೆ, “ಇಮಾಂಬೀ” ಎಂದರು.

ಮುರುಗಪ್ಪನವರು ಏನೂ ಅರ್ಥವಾಗದೆ ನನ್ನ ಕಡೆ ತಿರುಗಿದರು. “ಏನಮ್ಮ, ಬಾಗಿಲಿಲ್ಲದಂಗೆ ಮಾಡಿ ಕೊಡ್ತೀರೋ ಇಲ್ವೋ?”

“ಇಲ್ಲ,” ಎಂದೆ ನಾನು. “ಅಂಥದ್ದು ನಮ್ಮಲ್ಲಿ ಮಾಡಲ್ಲ.”